ಒಂದೇ ಮರ, ಎರಡು ಕೂಲಿ

ಆ ಶನಿವಾರ ಬೆಲ್ಮಿರೊ ತಟ್ಟೆ ಮುಟ್ಟಲಿಲ್ಲ.

ಫೆಲಿಸ್ಮಿನ ಬೆಳ್ಳುಳ್ಳಿ, ಹಸಿಕೊತ್ತಂಬರಿ ಜಜ್ಜಿ, ಮೇಲೆ ಕುದಿನೀರು ಹೊಯ್ದು, ಹಳೆಯ ಬ್ರೆಡ್ಡು ಮುರಿದು ಹಾಕಿ, ಆಲಿವ್ ಎಣ್ಣೆ ಬಿಟ್ಟು ಸಾರು ಮಾಡಿದ್ದಳು. ಅದರೊಳಗೆ ಮೊಟ್ಟೆ ಒಡೆದು ಬೇಯಿಸಿದ್ದಳು. ಗಂಡನ ತಟ್ಟೆಯಲ್ಲಿ ಸಾರು ಆರಿ ಮೇಲೆ ಎಣ್ಣೆ ಕಟ್ಟುವವರೆಗೂ ಅವನು ಕಿಟಕಿಯ ಕಡೆ ನೋಡುತ್ತ ಕೂತಿದ್ದ.

"ಹೊಟ್ಟೆ ಸರಿ ಇಲ್ವಾ?" ಎಂದು ಕೇಳಿದಳು.

"ಸರಿ ಇದೆ. ಹಸಿವಿಲ್ಲ."

"ಬೆಳಗಾಗೋ ಮುಂಚೆ ಎದ್ದು ಕೊಡಲಿ ಬೀಸಿ ಬಂದೋನಿಗೆ ಹಸಿವಿಲ್ವಾ ಮಾರಾಯ?"

"ಕಾಫಿ ಅಂಗಡೀಲಿ ಬಸವನಹುಳು ತಿಂದ್ವಿ. ನಿನ್ನ ಅಳಿಯ ಕೊಡಿಸಿದ. ನನಗೊಬ್ಬನಿಗಲ್ಲ, ಊರಿಗೆಲ್ಲ ಕೊಡಿಸಿದ. ದೊಡ್ಡ ಮನುಷ್ಯ."

ಅಳಿಯ ತೆಲ್ಮೊ ತಲೆ ಎತ್ತಿದ. "ಮೊದಲ ಸಂಬಳ ಅಂತ ಕೊಡಿಸ್ದೆ ಮಾವ. ಅದರಲ್ಲೇನು ತಪ್ಪು?"

"ತಪ್ಪು ಅಂದ್ನಾ ನಾನು? ದೊಡ್ಡ ಮನುಷ್ಯ ಅಂದೆ."

ಮೂಲೆಯ ಕುರ್ಚಿಯಲ್ಲಿದ್ದ ಬೆಲ್ಮಿರೊನ ತಾಯಿ, ಮುದುಕಿ ಬಾರ್ಬರ, ಕಿವಿಗೆ ಅಂಗೈ ಒಡ್ಡಿದಳು. "ಯಾರು ದೊಡ್ಡ ಮನುಷ್ಯ? ಎಸ್ಟೇಟಿನ ಎಂಜಿನಿಯರು ಬಂದಿದ್ನಾ? ಹಾಗಾದ್ರೆ ನನ್ನ ಹಲ್ಲು ತನ್ನಿ, ಹಾಕ್ಕೋತೀನಿ."

ಬೆಲ್ಮಿರೊ ಎದ್ದು ಹಿತ್ತಲಿಗೆ ಹೋದ.

ಆಗಿದ್ದೇನೆಂದು ಪಾತ್ರೆ ತೊಳೆಯುವಾಗ ಮಗಳು ಅಡೆಲಿಯ ತಾಯಿಗೆ ಹೇಳಿದಳು. ಆ ಊರಿನ ಗಂಡಸರು ಕಾಫಿ ಅಂಗಡಿಯಲ್ಲಿ ಬಿಲ್ಲು ಕೊಡುವುದಕ್ಕೆ ಒಬ್ಬರ ಕೈ ಒಬ್ಬರು ತಳ್ಳಿ ಜಗಳವಾಡುವುದು ಮಾಮೂಲು. ಅದು ಜಗಳದ ಆಟ. ಕೊನೆಗೆ ಹಿರಿಯನ ಕೈ ಗೆಲ್ಲಬೇಕು, ಕಿರಿಯ ಸೋಲಬೇಕು. ಬೆಲ್ಮಿರೊ ಅಳಿಯನ ಕೈ ತಳ್ಳಿದ. ತೆಲ್ಮೊ ಸೇತುಬಾಲ್ ಪಟ್ಟಣದ ಹುಡುಗ, ಸೋಲುವುದು ಅವನಿಗೆ ತಿಳಿಯಲಿಲ್ಲ. ನಗುನಗುತ್ತ, "ಬಿಡಿ ಮಾವ, ದಿನಕ್ಕೆ ನೂರಮೂವತ್ತು ಯೂರೊ ತಗೋತೀನಿ, ಎರಡು ತಟ್ಟೆ ಹುಳುವಿಗೆ ಬಡವ ಆಗ್ತೀನಾ?" ಎಂದುಬಿಟ್ಟ.

ಬೆಲ್ಮಿರೊನ ಕೈ ಅಲ್ಲಿಗೇ ನಿಂತಿತಂತೆ. ಅವನ ದಿನಗೂಲಿ ನೂರೈದು. ಅದು ಅಂಗಡಿಯಲ್ಲಿದ್ದವರಿಗೆಲ್ಲ ಗೊತ್ತಿತ್ತು.

"ಅವನಿಗೆ ಕೆಟ್ಟ ಬುದ್ಧಿ ಇರಲಿಲ್ಲಮ್ಮ. ಅಪ್ಪನಿಗೆ ಇನ್ನೂ ಜಾಸ್ತಿ ಇದೆ ಅಂದ್ಕೊಂಡಿದ್ದ. ಹಳೇ ಕೆಲಸಗಾರ ಅಲ್ವಾ ಅಂತ."

ಫೆಲಿಸ್ಮಿನ ಇನ್ನೊಂದು ತಟ್ಟೆ ಒರೆಸಿ ಕಪಾಟಿಗಿಟ್ಟಳು.

ಅವರದು ಬಿರಡೆ ಮರದ ಕೆಲಸ. ಬಾಟಲಿಗೆ ಹಾಕುವ ಬಿರಡೆ ಆ ಓಕ್ ಮರದ ದಪ್ಪ ತೊಗಟೆಯಿಂದ ಬರುತ್ತದೆ. ಒಮ್ಮೆ ಸುಲಿದರೆ ಮತ್ತೆ ಬೆಳೆಯಲು ಒಂಬತ್ತು ವರ್ಷ. ಬೇಸಿಗೆಯಲ್ಲಿ ಮರ ರಸ ಹಿಡಿದಾಗ ಇಬ್ಬರು ಗಂಡಸರು ಒಂದೇ ಮರದ ಎರಡು ಬದಿಗೆ ನಿಂತು, ಕೊಡಲಿಯಿಂದ ಹೊರತೊಗಟೆಯನ್ನು ಮಾತ್ರ ಸೀಳಿ, ಕೊಡಲಿಯ ಹಿಡಿಯನ್ನು ಸಂದಿಗೆ ತೂರಿಸಿ, ಹಲಗೆಯ ಹಾಗೆ ಎಬ್ಬಿಸುತ್ತಾರೆ. ಒಳಗಿನ ಪದರಕ್ಕೆ ತಾಯಿ ಎನ್ನುತ್ತಾರೆ. ತಾಯಿಗೆ ಏಟು ಬಿದ್ದರೆ ಅಲ್ಲಿ ಮತ್ತೆ ತೊಗಟೆ ಸರಿಯಾಗಿ ಹುಟ್ಟದು. ಅಲೆಂತೇಜು ಸೀಮೆಯಲ್ಲಿ ಹೊಲಗದ್ದೆಯ ಯಾವ ಕೆಲಸಕ್ಕೂ ಇಷ್ಟು ಕೂಲಿ ಇಲ್ಲ. ಬೆಲ್ಮಿರೊಗೆ ಅದೇ ಹೆಮ್ಮೆ. "ಈ ಮೂರು ತಿಂಗಳು ಶಾಲೆ ಮೇಷ್ಟ್ರಿಗಿಂತ ನಾನೇ ಮೇಲು" ಎಂದು ಪ್ರತಿ ಬೇಸಿಗೆಯಲ್ಲೂ ಹೇಳುತ್ತಿದ್ದ. ಆ ಶನಿವಾರದ ಮಧ್ಯಾಹ್ನದವರೆಗೂ ನೂರೈದು ಯೂರೊ ಅವನಿಗೆ ದೊಡ್ಡ ಕೂಲಿಯೇ ಆಗಿತ್ತು.

ಅವನು ಎಸ್ಟೇಟಿನ ಖಾಯಂ ಆಳು. ಪ್ರತಿ ವರ್ಷ ಮೇಸ್ತ್ರಿ ಶೆವೆರಿನೊ ಬಂದು, ಕೈ ಕುಲುಕಿ, ಕೂಲಿ ಹೇಳಿ ಹೋಗುತ್ತಿದ್ದ. ಈಗೀಗ ಕೊಡಲಿ ಹಿಡಿಯಬಲ್ಲವರು ಸಿಗುವುದಿಲ್ಲ. ಅದಕ್ಕೆ ವೆನಾನ್ಸಿಯೊ ಎಂಬ ಗುತ್ತಿಗೆದಾರ ಹೊರಗಿನಿಂದ ಆಳು ತರುತ್ತಾನೆ. ಹೊರಗಿನವರು ಕಡಿಮೆಗೆ ಬರುವುದಿಲ್ಲ. ತೆಲ್ಮೊ ಬಂದದ್ದು ಆ ಗುಂಪಿನಲ್ಲಿ. "ಇವನನ್ನು ನನ್ನ ಜೊತೆ ಹಾಕು, ನಾನು ಕಲಿಸ್ತೀನಿ" ಎಂದು ಶೆವೆರಿನೊನನ್ನು ಕೇಳಿದವನು ಬೆಲ್ಮಿರೊನೇ.

ಅವನ ಮರದ ಆಚೆ ಬದಿಗೆ ಮೊದಲು ನಿಲ್ಲುತ್ತಿದ್ದವನು ಅವನ ಮಗ ಜಸಿಂತೊ. ಟ್ರಾಕ್ಟರು ಮಗುಚಿ ಅವನು ತೀರಿಕೊಂಡ ಮೇಲೆ ಬೆಲ್ಮಿರೊ ಯಾರ್ಯಾರ ಜೊತೆಯೋ ಕೆಲಸ ಮಾಡಿದ, ಮನೆಗೆ ಬಂದು ಮಾತಾಡುತ್ತಿರಲಿಲ್ಲ. ಈ ವಸಂತದಲ್ಲಿ ತೆಲ್ಮೊನ ಕಾರ್ಖಾನೆ ಮುಚ್ಚಿ, ಮಗಳು ಅಳಿಯ ಇಬ್ಬರೂ ತವರಿಗೆ ಬಂದರು. ಅಡೆಲಿಯ ಬಸುರಿ. ಅಂದಿನಿಂದ ಬೆಲ್ಮಿರೊ ಊಟದ ಹೊತ್ತಿಗೆ ಮರದ ಮಾತು, ಹುಡುಗನ ಕೈಯ ಮಾತು ತೆಗೆಯತೊಡಗಿದ್ದ. ಫೆಲಿಸ್ಮಿನ ಮಾತೆ ಮರಿಯಳ ಮುಂದೆ ಕೇಳಿಕೊಳ್ಳುತ್ತಿದ್ದುದು ಒಂದೇ. ಉಳಿದ ಒಂದು ಕರುಳಕುಡಿ ಈ ಮನೆಯಲ್ಲೇ ಹೆರಲಿ, ಮಗು ಈ ಮನೆಯಲ್ಲೇ ಅಳಲಿ.

*

ಮುಂದಿನ ವಾರವೆಲ್ಲ ಮನೆಯಲ್ಲಿ ನೂರಮೂವತ್ತು ಎಂಬುದು ಒಂದು ಹೆಸರಾಯಿತು.

"ನೂರಮೂವತ್ತಕ್ಕೆ ಮೊದಲು ಬಡಿಸು. ನಂದೇನು, ಕಾಯಬಹುದು" ಎನ್ನುವನು ಬೆಲ್ಮಿರೊ. ಬಾವಿಯ ಪಂಪು ಕೆಟ್ಟರೆ, "ನೂರಮೂವತ್ತರ ಆಳು ಮನೇಲಿದಾನಲ್ಲ, ಅವನು ನೋಡ್ಲಿ." ತೆಲ್ಮೊ ಮೀನು ತಂದರೆ, "ನನಗೆ ಬೇಡ. ಅಷ್ಟು ಬೆಲೆ ಮೀನು ತಿಂದು ಅಭ್ಯಾಸ ಇಲ್ಲ."

"ಸಾಕು ಮಾವ," ಎನ್ನುವನು ತೆಲ್ಮೊ ಮೊದಮೊದಲು ನಗುತ್ತ. ಆಮೇಲೆ ನಗದೆ ಎಂದ. ಆಮೇಲೆ ಅನ್ನುವುದನ್ನೂ ಬಿಟ್ಟ.

ಸೆಖೆಗೆ ಅಡೆಲಿಯಳ ಕಾಲು ಊದುತ್ತಿತ್ತು. ತೆಲ್ಮೊ ಪೇಟೆಯಿಂದ ಒಂದು ಟೇಬಲ್ ಫ್ಯಾನು ತಂದು ಅವಳ ಮಂಚದ ಹತ್ತಿರ ಇಟ್ಟ.

"ಕರೆಂಟ್ ಬಿಲ್ಲು ಯಾರು ಕಟ್ತಾರೆ?" ಎಂದ ಬೆಲ್ಮಿರೊ ಬಾಗಿಲಲ್ಲಿ ನಿಂತು.

"ನಾವೇ ಕಟ್ತೀವಿ ಅಪ್ಪ. ಪೂರ್ತಿ ನಾವೇ ಕಟ್ತೀವಿ" ಎಂದಳು ಅಡೆಲಿಯ.

"ಪೂರ್ತಿನಾ? ನನ್ನ ಮನೇಲಿ ನಾನು ಬಾಡಿಗೆಗೆ ಇದೀನಾ?"

"ಮತ್ತೆ ಅರ್ಧ ಕಟ್ತೀವಿ."

"ಓಹೋ, ಅರ್ಧ ಕಟ್ಟಿ ಅಪ್ಪನಿಗೆ ದಾನ ಮಾಡ್ತೀಯಾ?"

"ಹಾಗಾದ್ರೆ ಏನು ಮಾಡ್ಲಿ? ಫ್ಯಾನು ಬಾವಿಗೆ ಹಾಕ್ಲಾ?"

ಫೆಲಿಸ್ಮಿನ ಬಂದು ಗಂಡನ ತೋಳು ಹಿಡಿದು ಹೊರಗೆ ಎಳೆದುಕೊಂಡು ಹೋದಳು. "ಬಸುರಿ ಹತ್ರ ಕೂಗಾಡ್ತೀಯಲ್ಲ, ನಾಚಿಕೆ ಇಲ್ವಾ? ಆ ಹುಡುಗ ಏನು ಕದ್ದಿದಾನಾ?"

"ಕದ್ದಿಲ್ಲ. ಅವನಿಗೆ ಕೊಡಲಿ ಹಿಡಿಯೋದು ಕಲಿಸಿದ್ದು ಯಾರು, ಹೇಳು. ಮೊದಲ ವಾರ ಅವನು ಒಂದು ಹಲಗೆ ನೆಟ್ಟಗೆ ತೆಗೀತಿರಲಿಲ್ಲ. ಎಲ್ಲ ಚೂರು. ಅವನ ಬದಿ ನಾನು ಸರಿ ಮಾಡಿ, ನನ್ನ ಬದಿ ನಾನು ಮುಗಿಸ್ತಿದ್ದೆ. ಒಂದೇ ಮರ. ಒಂದೇ ಬಿಸಿಲು. ಕೂಲಿ ನೋಡಿದ್ರೆ ನಾನು ಆಳು, ಅವನು ಯಜಮಾನ."

"ಇಷ್ಟು ವರ್ಷ ನಿನಗೆ ಸಾಕಾಗಿತ್ತು."

"ಇಷ್ಟು ವರ್ಷ ನನಗೆ ಗೊತ್ತಿರಲಿಲ್ಲ."

ಬಾರ್ಬರ ಅಂಗಳದ ನೆರಳಲ್ಲಿ ಕೂತು ಕಡಲೆ ಆರಿಸುತ್ತಿದ್ದಳು. ಬೇಕಾದದ್ದೆಲ್ಲ ಅವಳಿಗೆ ಕೇಳಿಸುತ್ತಿತ್ತು. "ನಿಮ್ಮಪ್ಪ ನಸುಕಿಗೆ ಊರ ಚೌಕದಲ್ಲಿ ನಿಂತಿರ್ತಿದ್ದ. ಮೇಸ್ತ್ರಿ ಬಂದು ಬೆರಳು ತೋರಿಸಿದೋನಿಗೆ ಅವತ್ತಿನ ಕೂಲಿ. ಉಳಿದೋರು ಮನೆಗೆ. ಪಕ್ಕದೋನಿಗೆ ಎಷ್ಟು ಅಂತ ಅವನು ಯಾವತ್ತೂ ನೋಡಲಿಲ್ಲ."

"ನೋಡ್ತಿದ್ದ ಅಮ್ಮ. ಕುಡಿದು ಬಂದು ನಿನಗೆ ಹೊಡೀತಿದ್ದನಲ್ಲ, ಅದು ಯಾಕೆ ಅಂದ್ಕೊಂಡಿದ್ದೆ?"

ಮುದುಕಿ ಸ್ವಲ್ಪ ಹೊತ್ತು ಕಡಲೆ ಆರಿಸಿದಳು. "ವೈನು ಹುಳಿ ಬಂದಿತ್ತು ಅಂದ್ಕೊಂಡಿದ್ದೆ" ಎಂದಳು.

ಒಂದು ಸಂಜೆ ತೆಲ್ಮೊ ತಾನಾಗಿ ಮಾತು ತೆಗೆದ. "ಮಾವ, ಶೆವೆರಿನೊ ಹತ್ರ ಹೋಗಿ ಕೇಳಿ. ನನಗಿಷ್ಟು ಕೊಡ್ತಾರೆ, ನಿಮಗೂ ಕೊಡ್ಲಿ. ನಾನೂ ಜೊತೆಗೆ ಬರ್ತೀನಿ."

"ಯಾಕೆ, ನನಗೆ ಬಾಯಿ ಇಲ್ವಾ?"

"ಇದೆಯಲ್ಲ, ಮತ್ತೆ ಕೇಳಿ. ಇಲ್ಲಾಂದ್ರೆ ಎಸ್ಟೇಟು ಬಿಟ್ಟು ವೆನಾನ್ಸಿಯೊ ಕಡೆ ಬನ್ನಿ. ನಿಮ್ಮಂಥ ಕೈ ಸಿಕ್ಕರೆ ಅವನು ಕುಣಿದಾಡ್ತಾನೆ."

"ಮೂವತ್ತು ವರ್ಷ ಕೈ ಕುಲುಕಿ ಕೆಲಸಕ್ಕೆ ಹೋಗಿದೀನಿ ನಾನು. ಈಗ ಭಿಕ್ಷುಕನ ಹಾಗೆ ಹೋಗಿ ನಿಲ್ಲಬೇಕಾ? ಎಸ್ಟೇಟು ಬಿಟ್ಟರೆ ಈ ಮನೆ ಬಿಡಬೇಕು, ಗೊತ್ತಾ? ಸೂರು ಎಸ್ಟೇಟಿಂದು. ನಮ್ಮಮ್ಮ ಎಲ್ಲಿ ಸಾಯಬೇಕು, ಬಸ್ ಸ್ಟಾಂಡಲ್ಲಾ?"

"ನನ್ನ ಹೆಸರು ಎಳೀಬೇಡಿ," ಎಂದಳು ಬಾರ್ಬರ. "ನಾನು ಸದ್ಯಕ್ಕೆ ಸಾಯಲ್ಲ."

*

ಮರುದಿನ ಮಧ್ಯಾಹ್ನ ಕೆಲಸದಿಂದ ಬಂದ ತೆಲ್ಮೊ ಹಿತ್ತಲ ನಲ್ಲಿಯ ಕೆಳಗೆ ತೋಳು ಒಡ್ಡಿ ನಿಂತ. ನೀರು ಬೀಳುತ್ತಲೇ ಇತ್ತು, ಅವನು ತೊಳೆಯುತ್ತಿರಲಿಲ್ಲ. ಫೆಲಿಸ್ಮಿನ ಒಗೆದ ಬಟ್ಟೆ ಹರವುತ್ತಿದ್ದವಳು ಹತ್ತಿರ ಬಂದಳು.

"ಏನಾಯ್ತು ಮಗ?"

"ಮಾವ ಇವತ್ತು ತಾಯಿಗೆ ಹಾಕಿದ್ರು."

ಅವಳಿಗೆ ತಕ್ಷಣ ಅರ್ಥವಾಗಲಿಲ್ಲ. "ಯಾರ ತಾಯಿಗೆ?"

"ಮರದ ತಾಯಿಗೆ, ಅತ್ತೆ. ಕೊಡಲಿ ಒಳಗೇ ಇಳೀತು. ಉದ್ದಕ್ಕೆ ಇಷ್ಟು." ಅವನು ಮೊಣಕೈಯಿಂದ ಮುಂಗೈವರೆಗೆ ತೋರಿಸಿದ. "ಜಾರಿ ಬಿದ್ದದ್ದಲ್ಲ. ನಾನು ನೋಡ್ದೆ. 'ಮಾವ, ಏನಿದು' ಅಂದೆ. 'ನೂರೈದಕ್ಕೆ ಇಷ್ಟೇ ಕೈ ಬರೋದು' ಅಂದ್ರು."

ಫೆಲಿಸ್ಮಿನ ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ಕಲ್ಲಿನ ಮೇಲಿಟ್ಟಳು. ಅವಳ ಗಂಡ ಮರಕ್ಕೆ ಗಾಯ ಮಾಡಿದವನಲ್ಲ. ಮಗ ಸತ್ತ ವರ್ಷ ಕೂಡ, ಕಣ್ಣು ಮಂಜಾಗಿದ್ದಾಗ ಕೂಡ, ಮಾಡಿರಲಿಲ್ಲ.

"ಶೆವೆರಿನೊ ನೋಡಿದ್ನಾ?"

"ಇಲ್ಲ. ನಾನು ಮಣ್ಣು ಮೆತ್ತಿದೆ." ತೆಲ್ಮೊ ನಲ್ಲಿ ನಿಲ್ಲಿಸಿದ. "ಅತ್ತೆ, ಮರದ ಆ ಕಡೆ ಅವರ ಕೊಡಲಿ, ಈ ಕಡೆ ನನ್ನ ಕೈ. ಒಬ್ಬರ ಏಟು ಇನ್ನೊಬ್ಬರಿಗೆ ಗೊತ್ತಾಗಬೇಕು, ಇಲ್ಲಾಂದ್ರೆ ಬೆರಳು ಹೋಗುತ್ತೆ. ಮುಂಚೆ ಅವರು 'ಹೂಂ' ಅಂತಿದ್ರು, ನಾನು ಹೊಡೀತಿದ್ದೆ. ಈಗ ಹೂಂ ಅನ್ನಲ್ಲ. ನಾನು ಹುಟ್ಟೋ ಮಗುನ ಎತ್ತಿಕೋಬೇಕು ಅತ್ತೆ. ಈ ತಿಂಗಳು ಮುಗಿದ್ರೆ ನಾವು ಹೋಗ್ತೀವಿ. ಅಡೆಲಿಯ ಹತ್ರ ಮಾತಾಡಿ ಆಗಿದೆ."

"ಎಲ್ಲಿಗೆ?"

"ಗಡಿ ಆಚೆ. ಸ್ಪೇನಲ್ಲೂ ಮರ ಇದೆ."

ಅವಳು ಬಟ್ಟೆ ಎತ್ತಿಕೊಂಡು ಮತ್ತೆ ಒಗೆಯಲು ಹೋದಳು. ಅದು ಕೊಳೆಯಾಗಿರಲಿಲ್ಲ.

*

ಭಾನುವಾರ ಚರ್ಚಿನ ಪೂಜೆ ಮುಗಿದ ಮೇಲೆ ಫೆಲಿಸ್ಮಿನ ಮನೆಗೆ ಬರಲಿಲ್ಲ. ಬಿಳಿ ಬಟ್ಟೆಯಲ್ಲಿ ಎರಡು ಮುದ್ದೆ ಮೇಕೆ ಹಾಲಿನ ಚೀಸು ಸುತ್ತಿಕೊಂಡು ಎಸ್ಟೇಟಿನ ದೊಡ್ಡ ಮನೆಗೆ ನಡೆದಳು. ಅಲ್ಲಿ ಯಜಮಾನರಾದ ಎಂಜಿನಿಯರ್ ಸಾಹೇಬರ ತಾಯಿ ದೋನ ಎರ್ಮೆಲಿಂದ ಇದ್ದಳು. ಅಡೆಲಿಯಳಿಗೆ ಜ್ಞಾನಸ್ನಾನ ಮಾಡಿಸಿದಾಗ ಮಗುವನ್ನು ಕೈಯಲ್ಲಿ ಹಿಡಿದು ನಿಂತ ಧರ್ಮತಾಯಿ ಅವಳೇ. ಆ ಸಂಬಂಧ ಹಿಡಿದು ಫೆಲಿಸ್ಮಿನ ಇಷ್ಟು ವರ್ಷದಲ್ಲಿ ಒಂದು ಸಲವೂ ಏನನ್ನೂ ಕೇಳಿರಲಿಲ್ಲ. ಕೇಳದೆ ಉಳಿಸಿದ್ದಕ್ಕೆ ಇವತ್ತು ಬೆಲೆ ಬಂದೀತು ಎಂದುಕೊಂಡಳು. ಗಂಡನಿಗೆ ಹೇಳಿರಲಿಲ್ಲ. ಹೇಳಿದ್ದರೆ ಬಿಡುತ್ತಿರಲಿಲ್ಲ.

ದೋನ ಎರ್ಮೆಲಿಂದ ಊದಿದ ಕಾಲನ್ನು ಮಣೆಯ ಮೇಲಿಟ್ಟು ಕೂತಿದ್ದಳು. "ಬಾ ಫೆಲಿಸ್ಮಿನ. ನನ್ನ ಧರ್ಮಮಗಳು ಹೇಗಿದಾಳೆ?"

"ಆರು ತಿಂಗಳು ತುಂಬಿತು ಅಮ್ಮಾವ್ರೇ. ನಿಮ್ಮ ಆಶೀರ್ವಾದ."

"ಹೆಣ್ಣಾದ್ರೆ ನನ್ನ ಹೆಸರು ಇಡಲಿ. ಈಗಿನೋರು ಎಲ್ಲಿ ಇಡ್ತಾರೆ, ಟೀವಿ ಹೆಸರು ಇಡ್ತಾರೆ. ಏನು, ಮುಖ ಇಷ್ಟು ಸಣ್ಣಗಾಗಿದೆ?"

ಫೆಲಿಸ್ಮಿನ ನಿಂತೇ ಹೇಳಿದಳು. ಒಂದೇ ಮರದ ಎರಡು ಬದಿ, ಎರಡು ಕೂಲಿ, ಒಂದೇ ಊಟದ ಮೇಜು. ಹೇಳುತ್ತ ಹೇಳುತ್ತ ಅಳು ಬಂತು. "ಇಬ್ಬರನ್ನೂ ಸಮ ಮಾಡಿಸಿ ಅಮ್ಮಾವ್ರೇ. ಬೇರೆ ಏನೂ ಕೇಳಲ್ಲ. ಸಮ ಮಾಡಿದ್ರೆ ನನ್ನ ಮನೆ ಉಳಿಯುತ್ತೆ."

"ಹೊರಗಿನ ಹುಡುಗನಿಗೆ ಎಷ್ಟು ಅಂದೆ?"

"ನೂರಮೂವತ್ತು."

"ನೂರಮೂವತ್ತಾ?" ಮುದುಕಿ ಬೀಸಣಿಗೆ ನಿಲ್ಲಿಸಿದಳು. "ನಮ್ಮ ಮನೇಲೇ ಮಲಗೋ ಹುಡುಗನಿಗಾ?" ಆಮೇಲೆ ಫೆಲಿಸ್ಮಿನಳ ಕೈ ತಟ್ಟಿದಳು. "ನೀನು ಹೇಳಿದ್ದು ನ್ಯಾಯ. ಒಂದೇ ಮರಕ್ಕೆ ಎರಡು ಬೆಲೆ ದೇವರು ಮೆಚ್ಚಲ್ಲ. ಮಗನಿಗೆ ಹೇಳ್ತೀನಿ, ಹೋಗು. ಅಳಬೇಡ."

ಫೆಲಿಸ್ಮಿನ ಅವಳ ಕೈಗೆ ಮುತ್ತಿಟ್ಟು ಬಂದಳು. ದಾರಿಯುದ್ದಕ್ಕೂ ಜಪಮಾಲೆ ಉರುಳಿಸಿದಳು. ಮನೆಗೆ ಬಂದವಳು ನೆನೆಹಾಕಿದ ಕಡಲೆಗೆ ಉಪ್ಪುಮೀನು ಹಾಕಿ ಹಬ್ಬದ ಅಡುಗೆ ಮಾಡಿದಳು. "ಇವತ್ತೇನು ವಿಶೇಷ?" ಎಂದು ಅಡೆಲಿಯ ಕೇಳಿದರೆ, "ಭಾನುವಾರ ಅಲ್ವಾ" ಎಂದಳು.

*

ಬುಧವಾರ ತೆಲ್ಮೊ ಒಬ್ಬನೇ ಮೊದಲು ಬಂದ. ಕೊಡಲಿಯನ್ನು ಗೋಡೆಗೆ ಒರಗಿಸಿ, ಬೂಟು ಬಿಚ್ಚದೆ ಅಡುಗೆಮನೆಯಲ್ಲಿ ಕೂತ.

"ಸಮ ಮಾಡಿದ್ರು" ಎಂದ.

ಫೆಲಿಸ್ಮಿನಳ ಮುಖ ಅರಳಿತು. "ದೇವರು ದೊಡ್ಡವನು! ಮಾವನಿಗೂ ನೂರಮೂವತ್ತು ಮಾಡಿದ್ರಾ?"

"ಇಲ್ಲ ಅತ್ತೆ. ನನಗೆ ನೂರೈದು ಮಾಡಿದ್ರು."

ಒಳಕೋಣೆಯಿಂದ ಅಡೆಲಿಯ ಬಂದು ಬಾಗಿಲು ಹಿಡಿದು ನಿಂತಳು. ತೆಲ್ಮೊ ಅವಳನ್ನು ನೋಡದೆ ಹೇಳಿದ. "ಶೆವೆರಿನೊ ವೆನಾನ್ಸಿಯೊನ ಕರೆಸಿದ್ದ. ಎಸ್ಟೇಟಿನ ಸೂರಡಿ ಮಲಗೋನು ಎಸ್ಟೇಟಿನ ಆಳು, ಅವನಿಗೆ ಎಸ್ಟೇಟಿನ ಕೂಲಿ, ಅಂದ. ಎಂಜಿನಿಯರ್ ಸಾಹೇಬರ ತಾಯಿ ಹೇಳಿದಾರಂತೆ, ಒಂದೇ ಮರಕ್ಕೆ ಎರಡು ಬೆಲೆ ಇರಬಾರದು, ದೇವರು ಮೆಚ್ಚಲ್ಲ ಅಂತ. ಗುಂಪಲ್ಲಿ ಬೇರೆ ಎಲ್ಲರಿಗೂ ಮೊದಲಿನ ಹಾಗೇ. ನನಗೊಬ್ಬನಿಗೆ."

"ಅವರಿಗೆ ಯಾರು ಹೇಳಿದ್ದು?" ಎಂದಳು ಅಡೆಲಿಯ. "ನಿನ್ನ ಕೂಲಿ ಎಷ್ಟು ಅಂತ ದೊಡ್ಡ ಮನೆಗೆ ಯಾರು ಹೇಳಿದ್ದು?"

ಫೆಲಿಸ್ಮಿನ ಒಲೆಯ ಕಡೆ ತಿರುಗಿದಳು. ಪಾತ್ರೆಯಲ್ಲಿ ಟೊಮೇಟೊ ಕುದಿಯುತ್ತಿತ್ತು. ಸಮ ಮಾಡು ಎಂದು ಕೇಳಿದ್ದಳು. ಮೇಲಕ್ಕೋ ಕೆಳಕ್ಕೋ ಎಂದು ಹೇಳಿರಲಿಲ್ಲ. ಹೇಳಬೇಕೆಂದು ತೋಚಿರಲೂ ಇಲ್ಲ.

ಅಷ್ಟರಲ್ಲಿ ಬೆಲ್ಮಿರೊ ಬಂದ. ಅವನು ಕೈಕಾಲು ತೊಳೆದ. ಅಂಗಳದ ಸಾಣೆಕಲ್ಲಿಗೆ ನೀರು ಚಿಮುಕಿಸಿ ತನ್ನ ಕೊಡಲಿ ಮಸೆದ. ಆಮೇಲೆ ಎದ್ದು ಬಂದು ಗೋಡೆಗೆ ಒರಗಿದ್ದ ತೆಲ್ಮೊನ ಕೊಡಲಿಯನ್ನೂ ತೆಗೆದುಕೊಂಡು ಹೋಗಿ ಮಸೆದ. ಕಾಫಿ ಅಂಗಡಿಯ ದಿನದಿಂದ ಅವನು ಅದನ್ನು ಮುಟ್ಟಿರಲಿಲ್ಲ. ಮಸೆಯುತ್ತ ಮೆಲ್ಲಗೆ ಸಿಳ್ಳೆ ಹಾಕುತ್ತಿದ್ದ.

ಊಟಕ್ಕೆ ಕೂತಾಗ, "ಸಾರು ಘಮ್ ಅಂತಿದೆ ಕಣೇ" ಎಂದ. ಒಂದು ತಟ್ಟೆ ಮುಗಿಸಿ ಇನ್ನೊಂದು ಕೇಳಿದ. ಬ್ರೆಡ್ಡಿನಿಂದ ತಟ್ಟೆ ಒರೆಸಿ ತಿಂದ. "ತಿನ್ನು ಹುಡುಗ, ನಾಳೆ ಗುಡ್ಡದ ಆಚೆ ದೊಡ್ಡ ಮರ ಇದೆ. ನಾನು ಹೂಂ ಅಂದಾಗ ಹೊಡಿ, ಸರಿನಾ?" ಎಂದು ತೆಲ್ಮೊನ ಬೆನ್ನು ತಟ್ಟಿದ. "ಬೇಜಾರು ಮಾಡ್ಕೋಬೇಡ. ದೊಡ್ಡೋರ ಮನಸ್ಸು ಹಾಗೆ. ಒಂದು ದಿನ ಏರಿಸ್ತಾರೆ, ಒಂದು ದಿನ ಇಳಿಸ್ತಾರೆ."

ಅಡೆಲಿಯ ಚಮಚ ಕೆಳಗಿಟ್ಟಳು.

"ಅಪ್ಪ, ನಿಮಗೆ ಇವತ್ತು ಕೂಲಿ ಏರ್ತಾ?"

"ಎಲ್ಲಿ ಏರುತ್ತೆ? ಅದೇ ನೂರೈದು."

"ಒಂದು ಕಾಸು ಜಾಸ್ತಿ ಬಂತಾ?"

"ಇಲ್ಲ ಅಂದ್ನಲ್ಲ."

"ಮತ್ತೆ ಹಸಿವು ಎಲ್ಲಿಂದ ಬಂತು?"

ಬೆಲ್ಮಿರೊನ ಬಾಯಲ್ಲಿ ಬ್ರೆಡ್ಡಿತ್ತು. ಅವನು ಅದನ್ನು ಅಗಿಯಲಿಲ್ಲ, ನುಂಗಲೂ ಇಲ್ಲ.

"ನನ್ನ ಗಂಡನ ತಟ್ಟೆಯಿಂದ ಕಿತ್ಕೊಂಡ್ರು, ನಿಮ್ಮ ತಟ್ಟೆಗೆ ಏನೂ ಹಾಕಲಿಲ್ಲ. ನಿಮ್ಮ ಹೊಟ್ಟೆ ತುಂಬಿತು. ಸಿಳ್ಳೆ ಹಾಕ್ತಿದೀರಿ. ನಾನು ಆರು ತಿಂಗಳು ಬಸುರಿ, ಅಪ್ಪ. ಮಗುಗೆ ಅಂತ ಇಟ್ಟಿದ್ದ ದುಡ್ಡು ಅದು. ನೀವೇ ಹೋಗಿ ಹೇಳಿದ್ರಾ ಅವರಿಗೆ?"

"ನಾನಾ?" ಬೆಲ್ಮಿರೊ ಎದ್ದು ನಿಂತ. "ನಿನ್ನ ಅಣ್ಣನ ಆಣೆ, ನಾನು ಆ ಮನೆ ಕಡೆ ಮುಖ ಹಾಕಿಲ್ಲ."

"ಸತ್ತೋನ ಆಣೆ ಹಾಕ್ಬೇಡಿ!"

"ನಾನು ಹೋಗಿದ್ದೆ" ಎಂದಳು ಫೆಲಿಸ್ಮಿನ.

ಅವಳು ಒಲೆಯ ಪಕ್ಕದಲ್ಲಿ, ಸೌಟು ಕೈಯಲ್ಲಿ ಹಿಡಿದು ನಿಂತಿದ್ದಳು. "ಭಾನುವಾರ ಹೋಗಿದ್ದೆ. ನಿನ್ನ ಧರ್ಮತಾಯಿ ಹತ್ರ. ಸಮ ಮಾಡಿಸಿ ಅಂತ ಕೇಳ್ದೆ. ಅಪ್ಪನಿಗೆ ಏರಿಸ್ತಾರೆ ಅಂದ್ಕೊಂಡೆ."

ತೆಲ್ಮೊ ಮೆಲ್ಲಗೆ ಹೇಳಿದ. "ನನಗೆ ಕಡಿಮೆ ಮಾಡಿ ಅಂತ ನೀವು ಕೇಳಿರಲ್ಲ ಅತ್ತೆ. ಅದು ನನಗೆ ಗೊತ್ತು."

ಅವನು ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು.

"ಕೇಳೋಕೆ ಅವರ ಹತ್ರಾನೇ ಯಾಕೆ ಹೋದೆ ಅಮ್ಮ?" ಎಂದಳು ಅಡೆಲಿಯ. "ಅವರು ಯಾವತ್ತು ಏರಿಸಿದಾರೆ?"

ಬಾರ್ಬರ ಒಬ್ಬೊಬ್ಬರ ಮುಖ ನೋಡಿದಳು. ಆಮೇಲೆ ತನ್ನ ಬ್ರೆಡ್ಡಿನ ತುಂಡನ್ನು ಅಡೆಲಿಯಳ ತಟ್ಟೆಗೆ ಇಟ್ಟಳು.

*

ಮರುದಿನ ನಸುಕಿಗೆ ಬೆಲ್ಮಿರೊ ಟೋಪಿ ಕೈಯಲ್ಲಿ ಹಿಡಿದು ಶೆವೆರಿನೊನ ಮನೆಯ ಬಾಗಿಲಿಗೆ ಹೋದ. ಅದನ್ನು ಅವನೇ ಬಂದು ಹೇಳಿದ, ಯಾರೂ ಕೇಳದಿದ್ದರೂ.

"ನನಗೆ ಎಷ್ಟಾದ್ರೂ ಕೊಡು, ಹುಡುಗನಿಗೆ ಮೊದಲಿನ ಹಾಗೆ ಕೊಡು ಅಂದೆ. ಬೇಕಾದ್ರೆ ನನ್ನದರಲ್ಲಿ ಕಡಿದು ಅವನಿಗೆ ಹಾಕು ಅಂದೆ."

"ಅವನೇನಂದ?" ಎಂದಳು ಫೆಲಿಸ್ಮಿನ.

"ನಕ್ಕ. 'ಈಗ ತಾನೇ ನಿಮ್ಮ ಮನೆಗೆ ನ್ಯಾಯ ಮಾಡಿದೀವಿ, ಮತ್ತೆ ಅನ್ಯಾಯ ಮಾಡು ಅಂತ ಕೇಳ್ತೀಯಲ್ಲ ಬೆಲ್ಮಿರೊ' ಅಂದ."

ತೆಲ್ಮೊ ಆ ಮಾತು ಕೇಳಿಸಿಕೊಂಡ. ಮಾವನ ಭುಜದ ಮೇಲೆ ಕೈ ಇಟ್ಟ. ಒಂದು ಕ್ಷಣ ಎಲ್ಲ ಸರಿಹೋದೀತು ಎಂದು ಫೆಲಿಸ್ಮಿನಳಿಗೆ ಅನ್ನಿಸಿತು. ಆದರೆ ಅವನು ಕೈ ತೆಗೆದು, "ಶನಿವಾರ ಸ್ಪೇನಿಗೆ ಹೋಗೋ ವ್ಯಾನು ಬರುತ್ತೆ ಮಾವ" ಎಂದ.

ಉಳಿದ ದಿನಗಳಲ್ಲಿ ಆ ಇಬ್ಬರು ಗಂಡಸರು ಒಂದೂ ಹಲಗೆ ಮುರಿಯದೆ, ಒಂದೂ ಗಾಯ ಮಾಡದೆ ಮರ ಸುಲಿದರಂತೆ. ಶೆವೆರಿನೊ ಹೊಗಳಿದನಂತೆ. ಫೆಲಿಸ್ಮಿನ ಮಗಳಿಗೆ ಎರಡು ಸಲ ಹೇಳಿದಳು. "ನೀನಾದ್ರೂ ಇಲ್ಲಿರು. ಹೆರಿಗೆ ಆದ ಮೇಲೆ ಹೋಗು." ಅಡೆಲಿಯ ಎರಡು ಸಲವೂ ಒಂದೇ ಉತ್ತರ ಕೊಟ್ಟಳು. "ಎಸ್ಟೇಟಿನ ಸೂರಡಿ ಹುಟ್ಟೋ ಮಗುಗೆ ಇನ್ನೆಷ್ಟು ಕಡಿಮೆ ಕೊಡ್ತಾರೋ, ಅಮ್ಮ."

ಶನಿವಾರ ವ್ಯಾನು ಬಂತು. ಒಳಗೆ ಆಗಲೇ ಐದಾರು ಗಂಡಸರು, ಅವರ ಕೊಡಲಿಗಳು, ಹಾಸಿಗೆ ಸುರುಳಿಗಳು. ಡ್ರೈವರು ಬಸುರಿಗಾಗಿ ಮುಂದಿನ ಸೀಟು ಖಾಲಿ ಮಾಡಿಸಿದ. ಫೆಲಿಸ್ಮಿನ ಎರಡು ದೊಡ್ಡ ಬ್ರೆಡ್ಡು, ಒಣಗಿಸಿದ ಹಂದಿಮಾಂಸ, ಆಲಿವ್ ಕಾಯಿಯ ಡಬ್ಬಿ ಕಟ್ಟಿಕೊಟ್ಟಳು. ಅಡೆಲಿಯ ತೆಗೆದುಕೊಂಡಳು. ಬಾರ್ಬರ ಬೆರಳಿನಿಂದ ಮೊಮ್ಮಗಳ ಹಣೆಗೆ, ಆಮೇಲೆ ಹೊಟ್ಟೆಗೆ ಶಿಲುಬೆ ಗುರುತು ಹಾಕಿದಳು. "ಅಲ್ಲಿಯವರ ಮಾತು ಕಲೀಬೇಡ, ಮಗುಗೆ ನಮ್ಮ ಮಾತೇ ಬರಲಿ" ಎಂದಳು.

"ಹೆರಿಗೆ ಹೊತ್ತಿಗೆ ಹೇಳಿ ಕಳಿಸು, ನಾನು ಬರ್ತೀನಿ" ಎಂದಳು ಫೆಲಿಸ್ಮಿನ.

"ಆದ ಮೇಲೆ ಫೋನು ಮಾಡ್ತೀನಿ" ಎಂದಳು ಅಡೆಲಿಯ.

ಬೆಲ್ಮಿರೊ ವ್ಯಾನಿನ ಹಿಂದೆ ನಿಂತಿದ್ದ. ತೆಲ್ಮೊ ಕೈ ಚಾಚಿದ. ಬೆಲ್ಮಿರೊ ಆ ಕೈ ಹಿಡಿದು ಅಂಗೈ ಮೇಲೆ ಮಾಡಿ ನೋಡಿದ. ಬೊಕ್ಕೆಗಳು ಒಣಗಿ ಜಡ್ಡುಗಟ್ಟಿದ್ದವು.

"ಕೈ ಪಳಗಿದೆ" ಎಂದ. "ಎಲ್ಲಿ ಹೋದ್ರೂ ನೂರಮೂವತ್ತಕ್ಕಿಂತ ಕಡಿಮೆಗೆ ಒಪ್ಪಬೇಡ."

ಧೂಳು ಇಳಿಯುವವರೆಗೂ ಮೂವರೂ ರಸ್ತೆಯಲ್ಲಿ ನಿಂತಿದ್ದರು. ಆಮೇಲೆ ಮುದುಕಿಯನ್ನು ಎರಡೂ ಕಡೆಯಿಂದ ಹಿಡಿದುಕೊಂಡು ಒಳಗೆ ಬಂದರು.

*

ಸೋಮವಾರ ವೆನಾನ್ಸಿಯೊ ಹೊಸ ಆಳನ್ನು ಕಳಿಸಿದ. ಬೆಳಗ್ಗೆ ಬ್ರೆಡ್ಡಿನ ವ್ಯಾನಿನ ಹತ್ತಿರ ಹೆಂಗಸರು ಅವನ ಕೂಲಿ ಎಷ್ಟೆಂದು ಮಾತಾಡಿಕೊಳ್ಳುತ್ತಿದ್ದರು. ಋತು ಮುಗಿಯುತ್ತ ಬಂದಿತ್ತು, ಆಳು ಇನ್ನೂ ದುಬಾರಿಯಾಗಿದ್ದರು. ಫೆಲಿಸ್ಮಿನ ತನ್ನ ಸರದಿ ಬರುವವರೆಗೂ ಕೇಳಿಸಿಕೊಂಡು ನಿಂತಿದ್ದಳು.

ಮಧ್ಯಾಹ್ನ ಬೆಲ್ಮಿರೊ ಬಂದ. ಕೊಡಲಿಯನ್ನು ಮಸೆಯದೆ ಮೂಲೆಗಿಟ್ಟ.

"ಹೊಸಬ ಹೇಗಿದಾನೆ?" ಎಂದಳು.

"ಎಳಸು. ಎರಡು ಸಲ ತಾಯಿಗೆ ಹಾಕಿದ."

"ನೀನೇನಂದೆ?"

"ಏನೂ ಅನ್ನಲಿಲ್ಲ."

ಅವಳು ತಟ್ಟೆ ಇಟ್ಟಳು. ಅವನು ಕೂತ. ಬಾರ್ಬರ ಮೂಲೆಯಿಂದ ಕೂಗಿದಳು. "ಅವನಿಗೆ ಎಷ್ಟು ಕೊಡ್ತಾರಂತೆ?"

"ಕೇಳಲಿಲ್ಲ ಅಮ್ಮ" ಎಂದ ಬೆಲ್ಮಿರೊ. ಆಮೇಲೆ ಹೆಂಡತಿಯ ಮುಖವನ್ನು ನೋಡಿದ, ಬಹಳ ಹೊತ್ತು ನೋಡಿದ. "ನಿನಗೆ ಗೊತ್ತಿದ್ರೂ ಹೇಳಬೇಡ."

ಫೆಲಿಸ್ಮಿನ ತಲೆ ತಗ್ಗಿಸಿ ಬಡಿಸಿದಳು.